ಧಾನ್ಯವಿಲ್ಲದ ಹಣ್ಣಿನ ದೋಸೆ



ಕಾರವಾರ, ಅಂಕೋಲೆಯ ಕಡೆ ಊಟ ಎಂದರೆ ಅನ್ನ. ಬೆಳಗಿನ ತಿಂಡಿ ಎಂದರೆ ದೋಸೆ, ರೊಟ್ಟಿ, ಅವಲಕ್ಕಿ, ಇಲ್ಲವೇ ಗೋಧಿರವೆಯ ಉಪ್ಪಿಟ್ಟು. ಎಲ್ಲವೂ ಧಾನ್ಯದ್ದೇ. ಇವುಗಳಲ್ಲಿ ಒಂದೆರಡು ಮೈಗೆ ಒಗ್ಗದ ಮಗುವೊಂದು ಮನೆಯಲ್ಲಿ ಇದ್ದರೆ ಏನು ಮಾಡಬೇಕು? "ಅನ್ನ ಉಣ್ಣದ ಕೂಸು ಹ್ಯಾಗೆ ಬೆಳೆದೀತು?" ಎಂದು ಅಜ್ಜಿ ಕೇಳುತ್ತಾಳೆ. ಕೇಳುವುದು ಸಹಜವೇ. ಆದರೆ ಉತ್ತರ ನಿಮ್ಮ ಹಿತ್ತಲಲ್ಲೇ ಇದೆ. ಬಾಳೆ ಇದೆ, ಹಲಸು ಇದೆ, ಮಾವು ಇದೆ, ತೆಂಗು ಇದೆ. ಇವುಗಳಿಂದ ಅಕ್ಕಿ, ಗೋಧಿ ಸೋಕದ ಹಣ್ಣಿನ ದೋಸೆಯನ್ನು ಮಾಡುವ ಬಗೆಯನ್ನು ಈ ದಿನ ತಿಳಿಯೋಣ.

ಮೊದಲು, ಧಾನ್ಯ ಒಗ್ಗದಿರುವುದು ಎಂದರೇನು ಎಂಬುದನ್ನು ನೋಡೋಣ. ಇದು ಒಂದೇ ಬಗೆಯದಲ್ಲ, ಮುಖ್ಯವಾಗಿ ಮೂರು ಬಗೆ.

ಮೊದಲನೆಯದು ಅಲರ್ಜಿ. ಗೋಧಿಯದನ್ನು ತಿಂದ ಸ್ವಲ್ಪ ಹೊತ್ತಿನಲ್ಲೇ ಮೈಮೇಲೆ ದದ್ದು ಏಳುತ್ತದೆ, ತುಟಿ ಊದುತ್ತದೆ, ಕೆಮ್ಮು ಉಬ್ಬಸ ಬರುತ್ತದೆ. ಎರಡನೆಯದು ಸೀಲಿಯಾಕ್ ಎಂಬ ಕರುಳಿನ ರೋಗ. ಗೋಧಿ, ಬಾರ್ಲಿ, ರೈ ಎಂಬ ಧಾನ್ಯಗಳಲ್ಲಿ ಗ್ಲೂಟನ್ ಎಂಬ ಅಂಟಿನ ಅಂಶವಿದೆ. ಈ ರೋಗ ಇದ್ದವರಿಗೆ ಆ ಅಂಶ ಒಳಗಿನ ಕರುಳನ್ನೇ ಕೆಡಿಸುತ್ತದೆ. ತಿಂದ ಅನ್ನ ಮೈಗೆ ಹತ್ತುವುದಿಲ್ಲ. ಬಹುದಿನದ ಭೇದಿ, ಉಬ್ಬಿದ ಹೊಟ್ಟೆ, ಬಡಕಲು ಕೈಕಾಲು, ಎಷ್ಟು ಮದ್ದು ಕೊಟ್ಟರೂ ಏರದ ರಕ್ತ, ಇವು ಅದರ ಗುರುತುಗಳು. ಮೂರನೆಯದು ಎಳೆಗೂಸುಗಳಲ್ಲಿ ಕಾಣುವಂಥದು. ಅನ್ನದ ಗಂಜಿ ಕೊಟ್ಟ ೧ರಿಂದ ೪ ತಾಸಿನೊಳಗೆ ಕೂಸು ಮತ್ತೆ ಮತ್ತೆ ವಾಂತಿ ಮಾಡಿ, ಬಿಳಿಚಿಕೊಂಡು ಸೊರಗುತ್ತದೆ. ದದ್ದು ಏಳುವುದಿಲ್ಲವಾದ್ದರಿಂದ ಇದು ಅಕ್ಕಿಯ ಕಾರಣ ಎಂದು ಯಾರಿಗೂ ಹೊಳೆಯುವುದಿಲ್ಲ, "ದೃಷ್ಟಿ ತಾಗಿತು" ಎನ್ನುತ್ತಾರೆ. ಬೆಳೆದಂತೆ ಹೆಚ್ಚಿನ ಮಕ್ಕಳಲ್ಲಿ ಇದು ತಾನಾಗಿ ಹೋಗುತ್ತದೆ. ಆದರೆ ಅಲ್ಲಿಯವರೆಗೆ ಅಕ್ಕಿಯನ್ನು ದೂರ ಇಡಬೇಕಾಗುತ್ತದೆ.

ಇಲ್ಲೊಂದು ಮಾತು ಚೆನ್ನಾಗಿ ನೆನಪಿಡಿ. ಗೋಧಿ ಮಾತ್ರ ಒಗ್ಗದವರು ಅಕ್ಕಿ, ರಾಗಿ, ಜೋಳ ಬಿಡಬೇಕಾಗಿಲ್ಲ. ಅವುಗಳಲ್ಲಿ ಗ್ಲೂಟನ್ ಇಲ್ಲ. ಎಲ್ಲ ಧಾನ್ಯವನ್ನೂ ಬಿಡಿ ಎಂದು ವೈದ್ಯರು ಹೇಳಿದವರು ಮಾತ್ರ ಬಿಡಬೇಕು. ನೆರೆಮನೆಯವರು ಹೇಳಿದರೆಂದು ಮಗುವಿನ ಅನ್ನ ಕಿತ್ತುಕೊಳ್ಳಬೇಡಿ.

ಇನ್ನೂ ಒಂದು ಮಾತು. ಸೀಲಿಯಾಕ್ ಇದೆಯೋ ಇಲ್ಲವೋ ಎಂಬ ರಕ್ತಪರೀಕ್ಷೆಯನ್ನು ಗೋಧಿ ತಿನ್ನುತ್ತಿರುವಾಗಲೇ ಮಾಡಿಸಬೇಕು. ಮೊದಲೇ ಗೋಧಿ ಬಿಟ್ಟು ತಿಂಗಳುಗಟ್ಟಲೆ ಕಳೆದು ಪರೀಕ್ಷೆಗೆ ಹೋದರೆ, ರೋಗ ಇದ್ದರೂ ಇಲ್ಲವೆಂದು ಬಂದೀತು. ಆದುದರಿಂದ ಮೊದಲು ಕಾರವಾರದ ಜಿಲ್ಲಾ ಆಸ್ಪತ್ರೆಗೋ, ನಿಮ್ಮ ತಾಲೂಕಿನ ಆಸ್ಪತ್ರೆಗೋ ಹೋಗಿ ತೋರಿಸಿರಿ. ಪಥ್ಯ ಆಮೇಲೆ.

ಬಾಳೆಹಣ್ಣಿಗೂ ಈ ರೋಗಕ್ಕೂ ಒಂದು ಹಳೆಯ ಸಂಬಂಧ ಇದೆ. ೧೯೨೪ರಲ್ಲಿ ನ್ಯೂಯಾರ್ಕಿನ ಸಿಡ್ನಿ ಹಾಸ್ ಎಂಬ ಮಕ್ಕಳ ವೈದ್ಯರು ಸೀಲಿಯಾಕಿನಿಂದ ಸೊರಗಿದ ಮಕ್ಕಳಿಗೆ ಬ್ರೆಡ್ಡು ಬಿಡಿಸಿ, ಬಾಳೆಹಣ್ಣು ತಿನ್ನಿಸಿದರು. ಮಕ್ಕಳು ಚೇತರಿಸಿಕೊಂಡರು. ಬಾಳೆಹಣ್ಣೇ ಮದ್ದು ಎಂದು ಲೋಕ ನಂಬಿತು. ಆದರೆ ಗುಣವಾಯಿತೆಂದು ಮತ್ತೆ ಬ್ರೆಡ್ಡು ಕೊಟ್ಟರೆ ರೋಗ ಮರಳಿ ಬರುತ್ತಿತ್ತು. ಕಾರಣ ಏನೆಂಬುದು ಹಾಲೆಂಡಿನಲ್ಲಿ ಹೊರಬಿತ್ತು. ಅಲ್ಲಿ ವಿಲ್ಲೆಮ್ ಡಿಕೆ ಎಂಬ ಮಕ್ಕಳ ವೈದ್ಯರಿಗೆ ಮೊದಲಿನಿಂದಲೂ ಗೋಧಿಯ ಮೇಲೆ ಸಂಶಯವಿತ್ತು. ೧೯೪೪-೪೫ರ ಚಳಿಗಾಲದಲ್ಲಿ ಯುದ್ಧದ ದೆಸೆಯಿಂದ ಆ ದೇಶದಲ್ಲಿ ಬ್ರೆಡ್ಡೇ ಸಿಗದಾಯಿತು. ಉಳಿದವರೆಲ್ಲ ಹಸಿವಿನಿಂದ ಸೊರಗುತ್ತಿದ್ದಾಗ ಈ ರೋಗದ ಮಕ್ಕಳು ಮಾತ್ರ ಸುಧಾರಿಸಿದರು. ಬ್ರೆಡ್ಡು ಮರಳಿ ಬಂದ ಕೂಡಲೇ ಮತ್ತೆ ಹಾಸಿಗೆ ಹಿಡಿದರು. ೧೯೫೦ರಲ್ಲಿ ಡಿಕೆಯವರು ಇದನ್ನೆಲ್ಲ ಬರೆದು ಪ್ರಕಟಿಸಿದರು. ಅಂದರೆ ಮಕ್ಕಳನ್ನು ಉಳಿಸಿದ್ದು ಬಾಳೆಹಣ್ಣಿನ ಗುಣವಲ್ಲ, ಗೋಧಿ ಬಿಟ್ಟದ್ದು. ಹಣ್ಣು ಮಾಡಿದ ಉಪಕಾರವೆಂದರೆ ಹೊಟ್ಟೆ ತುಂಬಿಸಿದ್ದು. ನಮಗೂ ಇಷ್ಟೇ ತಿಳಿವು ಸಾಕು. ಹಣ್ಣಿನ ದೋಸೆ ಮದ್ದಲ್ಲ, ಊಟ.

"ಏಕಾದಶಿಗೆ ಮಾಡುತ್ತೇವಲ್ಲ, ಅದೇ ಫಲಾಹಾರ ಕೊಟ್ಟರೆ ಆಯಿತು" ಎಂದು ನೀವು ಅನ್ನಬಹುದು. ಇಲ್ಲಿಯೇ ಜನ ಎಡವುವುದು. ಏಕಾದಶಿಯ ದಿನ ಎಷ್ಟೋ ಮನೆಗಳಲ್ಲಿ ಅನ್ನ ಇಲ್ಲ, ಆದರೆ ಅವಲಕ್ಕಿ ಉಂಟು, ರವೆಯ ಉಪ್ಪಿಟ್ಟು ಉಂಟು. ಅವಲಕ್ಕಿ ಅಕ್ಕಿಯೇ. ರವೆ, ಮೈದಾ, ಗೋಧಿಯ ಶಾವಿಗೆ ಎಲ್ಲವೂ ಗೋಧಿಯೇ. ವ್ರತದ ಲೆಕ್ಕ ಬೇರೆ, ಕರುಳಿನ ಲೆಕ್ಕ ಬೇರೆ. ಸಾಬೂದಾಣಿ ಮಾತ್ರ ಧಾನ್ಯವಲ್ಲ, ಅದು ಮರಗೆಣಸಿನ ಹಿಟ್ಟಿನಿಂದ ಆದದ್ದು.

ಈಗ ಹಿಟ್ಟಿನ ವಿಚಾರ. ಧಾನ್ಯದ ಹಿಟ್ಟಿನ ಬದಲಿಗೆ ನಮ್ಮ ಕೈಗೆ ಸುಲಭವಾಗಿ ಸಿಗುವುದು ಬಾಳೆಕಾಯಿಯ ಹಿಟ್ಟು. ೨೦೨೧ರಲ್ಲಿ ಬಾಳೆಗೊನೆಗೆ ಬೆಲೆ ಬಿದ್ದಾಗ 'ಅಡಿಕೆ ಪತ್ರಿಕೆ'ಯವರು 'ಬಾಕಾಹು', ಎಂದರೆ ಬಾಳೆಕಾಯಿ ಹುಡಿ, ಎಂಬ ಹೆಸರಿನಲ್ಲಿ ಒಂದು ಆಂದೋಲನವನ್ನೇ ನಡೆಸಿದರು. ನಮ್ಮ ಜಿಲ್ಲೆಯ ಹೆಣ್ಣುಮಕ್ಕಳೂ ಕೈಹಚ್ಚಿದರು. ಮಾರಲಾಗದ ಗೊನೆ ಹಿಟ್ಟಾಗಿ ಡಬ್ಬಿ ಸೇರಿತು. ಅದೇ ಹಿಟ್ಟು ಒಗ್ಗದ ಹೊಟ್ಟೆಗೂ ಆಗಿಬರುತ್ತದೆ.

ಮಾಡುವ ಬಗೆ ಹೀಗೆ. ಪೂರ್ತಿ ಬಲಿತ, ಆದರೆ ಹಣ್ಣಾಗದ ಕಾಯಿ ಆರಿಸಿರಿ. ನೇಂದ್ರ ಒಳ್ಳೆಯದು, ಬೇರೆ ಜಾತಿಯದೂ ಆದೀತು. ಕೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಸಿಪ್ಪೆ ಸುಲಿಯಿರಿ, ಇಲ್ಲವಾದರೆ ಮೇಣ ಹತ್ತುತ್ತದೆ. ತೆಳ್ಳಗೆ ಬಿಲ್ಲೆ ಕತ್ತರಿಸಿ, ಲಿಂಬೆರಸ ಹಿಂಡಿದ ನೀರಿನಲ್ಲಿ ಹತ್ತು ನಿಮಿಷ ನೆನೆಸಿ ತೆಗೆಯಿರಿ. ಹೀಗೆ ಮಾಡಿದರೆ ಹೆಚ್ಚು ಕಪ್ಪಾಗುವುದಿಲ್ಲ. ಶುಭ್ರ ಬಟ್ಟೆಯ ಮೇಲೆ ಹರವಿ, ಮೇಲೊಂದು ತೆಳು ಬಟ್ಟೆ ಹೊದಿಸಿ ಎರಡು ಮೂರು ದಿನ ಕಡುಬಿಸಿಲಿನಲ್ಲಿ ಒಣಗಿಸಿರಿ. ಮುರಿದರೆ 'ಟಕ್' ಎನ್ನಬೇಕು, ಬಾಗಿದರೆ ಇನ್ನೂ ಒಣಗಿಲ್ಲ. ಪುಡಿ ಮಾಡಿ, ಸೋಸಿ, ಗಾಳಿಯಾಡದ ಡಬ್ಬಿಯಲ್ಲಿ ತುಂಬಿರಿ. ಐದು ಕಿಲೋ ಕಾಯಿಗೆ ಸುಮಾರು ಒಂದು ಕಿಲೋ ಹಿಟ್ಟು ಬಂದೀತು. ನಮ್ಮ ಕಡೆ ಜೂನಿನಿಂದ ಸೆಪ್ಟೆಂಬರದವರೆಗೆ ಬಿಸಿಲಿನ ಮಾತೇ ಬೇಡ. ಆದುದರಿಂದ ಮಳೆಗಾಲಕ್ಕೆ ಬೇಕಾದಷ್ಟನ್ನು ಏಪ್ರಿಲ್ ಮುಗಿಯುವುದರೊಳಗೆ ಮಾಡಿಟ್ಟುಕೊಳ್ಳಿರಿ. ಬೂಸಲು ಹಿಡಿದ ಹಿಟ್ಟನ್ನು ಮತ್ತೆ ಒಣಗಿಸಿ ಬಳಸಬೇಡಿ, ಚೆಲ್ಲಿಬಿಡಿ.

ಈ ಬಿಲ್ಲೆಗಳನ್ನು ಊರ ಗಿರಣಿಗೆ ಮಾತ್ರ ಒಯ್ಯಬೇಡಿ. ಅದೇ ಕಲ್ಲಿನಲ್ಲಿ ಈಗಷ್ಟೇ ಗೋಧಿ ಬೀಸಿರುತ್ತಾರೆ. ಕಲ್ಲಿನ ಸಂದಿಯಲ್ಲಿ ಉಳಿದ ಹಿಟ್ಟು ನಿಮ್ಮ ಹಿಟ್ಟಿನಲ್ಲಿ ಕೂಡಿಕೊಳ್ಳುತ್ತದೆ. ಸೀಲಿಯಾಕ್ ಇದ್ದವರಿಗೆ ಅಷ್ಟು ಸೋಂಕೂ ಸಾಕು. ಮನೆಯ ಮಿಕ್ಸರನ್ನು ಚೆನ್ನಾಗಿ ತೊಳೆದು ಅದರಲ್ಲೇ ಪುಡಿ ಮಾಡಿರಿ. ಜರಡಿಯನ್ನೂ ದೋಸೆಯ ಕಾವಲಿಯನ್ನೂ ಬೇರೆ ಇಟ್ಟರೆ ಒಳಿತು. ಚಪಾತಿ ಸುಟ್ಟ ಕಾವಲಿಯಲ್ಲಿ ಹಿಟ್ಟು ಉಳಿದಿರುತ್ತದೆ.

ಇನ್ನು ದೋಸೆ. ಅಳತೆ ಇಷ್ಟು: ಬಾಳೆಕಾಯಿಯ ಹಿಟ್ಟು ಒಂದು ಬಟ್ಟಲು, ಕೂವೆಹಿಟ್ಟು ಎರಡು ದೊಡ್ಡ ಚಮಚ, ಚೆನ್ನಾಗಿ ಕಳಿತ ಸಣ್ಣ ಬಾಳೆಹಣ್ಣು ಎರಡು, ತೆಂಗಿನ ಹಾಲು ಒಂದು ಬಟ್ಟಲು, ಬೆಲ್ಲ ಒಂದು ಸಣ್ಣ ತುಂಡು, ಏಲಕ್ಕಿ ಒಂದು, ಉಪ್ಪು ಒಂದು ಚಿಟಿಕೆ. ಹಣ್ಣನ್ನು ಕೈಯಿಂದ ನುಣ್ಣಗೆ ಕಿವುಚಿ, ಬೆಲ್ಲ ಕರಗಿಸಿದ ತೆಂಗಿನ ಹಾಲು ಸೇರಿಸಿ, ಹಿಟ್ಟುಗಳನ್ನು ಹಾಕಿ ಕಲಸಿರಿ. ಕಾಲು ತಾಸು ಹಾಗೆಯೇ ಬಿಡಿ. ಬಾಳೆಹಿಟ್ಟು ನೀರು ಕುಡಿಯುತ್ತದೆ, ಗಟ್ಟಿಯಾದರೆ ಮತ್ತಷ್ಟು ನೀರು ಹಾಕಿ ಇಡ್ಲಿಹಿಟ್ಟಿನ ಹದಕ್ಕೆ ತನ್ನಿರಿ. ಕಾವಲಿಗೆ ಎಣ್ಣೆ ಸವರಿ, ಸಣ್ಣ ಉರಿಯಲ್ಲಿ ಅಂಗೈಯಗಲ ಹೊಯ್ದು ಮುಚ್ಚಿರಿ. ಅಂಚು ಒಣಗಿ ಮೇಲ್ಮೈ ಬಿಗಿದ ಮೇಲೆ ಮಗುಚಿರಿ. ಅವಸರ ಮಾಡಿದರೆ ಹರಿಯುತ್ತದೆ, ಯಾಕಂದರೆ ಇದರಲ್ಲಿ ಗೋಧಿಯ ಅಂಟಿಲ್ಲ, ಮೊಟ್ಟೆಯೂ ಇಲ್ಲ. ಹಿಡಿದು ನಿಲ್ಲಿಸುವ ಕೆಲಸವನ್ನು ಕೂವೆಹಿಟ್ಟೂ ಹಣ್ಣೂ ಮಾಡಬೇಕು. ಅದಕ್ಕಾಗಿಯೇ ದೋಸೆ ಚಿಕ್ಕದಿರಲಿ, ಉರಿ ಸಣ್ಣದಿರಲಿ. ಬಣ್ಣ ಕಂದಾಗುತ್ತದೆ. ಅದು ಬಾಳೆಹಿಟ್ಟಿನ ಗುಣ, ಸೀದದ್ದಲ್ಲ. ಈ ಅಳತೆಗೆ ಎಂಟು ಹತ್ತು ದೋಸೆ ಆಗುತ್ತವೆ.

ಕೂವೆಹಿಟ್ಟು ಸಿಗದಿದ್ದರೆ ಸಾಬೂದಾಣಿ ನೆನೆಸಿ ಅರೆದು ಹಾಕಿರಿ. ಅಂಗಡಿಯ ಬೇಕಿಂಗ್ ಪೌಡರ್ ಹಾಕಲು ಹೋಗಬೇಡಿ. ಅದರಲ್ಲಿ ಸಾಮಾನ್ಯವಾಗಿ ಮೆಕ್ಕೆಜೋಳದ ಹಿಟ್ಟು ಇರುತ್ತದೆ. ಖಾರದ ದೋಸೆ ಮಾಡುವವರು ಹಿಂಗಿನ ಪುಡಿಯ ಮೇಲೂ ಕಣ್ಣಿಡಿ. ಡಬ್ಬಿಯ ಹಿಂಗಿನಲ್ಲಿ ಗೋಧಿಹಿಟ್ಟು ಬೆರೆಸಿರುವುದುಂಟು. ಡಬ್ಬಿಯ ಮೇಲಿನ ಬರಹ ಓದಿಸಿ ಕೊಳ್ಳಿರಿ.

ಹಲಸಿನ ಕಾಲದಲ್ಲಿ ಬಾಳೆಹಣ್ಣಿನ ಬದಲು ಹಲಸು ಹಾಕಬಹುದು. ಬಕ್ಕೆಗಿಂತ ಮೆತ್ತಗಿನ ಅಂಬಲಿ ಹಲಸು ಇದಕ್ಕೆ ಲೇಸು, ತೊಳೆಗಳನ್ನು ಜರಡಿಯ ಮೇಲೆ ತಿಕ್ಕಿದರೆ ನಾರು ಉಳಿದು ರಸ ಇಳಿಯುತ್ತದೆ. ಬೆಲ್ಲ ಬೇಡವೇ ಬೇಡ. ಹಲಸಿನ ಬೀಜವನ್ನು ಬೇಯಿಸಿ ಒಣಗಿಸಿ ಪುಡಿ ಮಾಡಿದರೆ ಅದೂ ಹಿಟ್ಟಿಗೆ ಕೂಡುತ್ತದೆ. ಮಾವಿನ ಕಾಲಕ್ಕೆ ನಮ್ಮ ಅಂಕೋಲೆಯ ಕರಿ ಇಶಾಡ ಇದೆಯಲ್ಲ, ೨೦೨೩ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ಪಡೆದ ಹಣ್ಣು, ಅದರ ರಸವನ್ನು ದೋಸೆಯ ಮೇಲೆ ಸವರಿ ಕೊಡಿ. ಮಾವಿನ ಸೊನೆಯಿಂದ ಬಾಯಿಯ ಸುತ್ತ ಬೊಕ್ಕೆ ಏಳುವವರಿದ್ದಾರೆ. ಆದುದರಿಂದ ಹಣ್ಣು ತೊಳೆದು, ಸಿಪ್ಪೆ ದಪ್ಪಗೆ ತೆಗೆದು ರಸ ಹಿಂಡಿರಿ.

ಅಲರ್ಜಿಯ ಮನೆಯಲ್ಲಿ ಗೋಡಂಬಿಯನ್ನು ಅಲಂಕಾರಕ್ಕೆಂದು ಉದುರಿಸಬೇಡಿ. ಗೋಡಂಬಿಯ ಅಲರ್ಜಿ ಇದ್ದವರಿಗೆ ಅದು ಬಲು ಜೋರಾಗಿ ಬರುವುದುಂಟು. ರಬ್ಬರಿನ ಹಾಲು, ರಬ್ಬರ್ ಕೈಚೀಲ ತಾಗಿದರೆ ಮೈ ತುರಿಸಿ ಊದುವವರಲ್ಲಿ ಕೆಲವರಿಗೆ ಬಾಳೆಹಣ್ಣೂ ಒಗ್ಗುವುದಿಲ್ಲ. ಹೊಸ ತಿನಿಸನ್ನು ಹಗಲಿನಲ್ಲೇ, ಮೊದಲ ದಿನ ಒಂದು ತುತ್ತು ಮಾತ್ರ ಕೊಡಿ. ಒಂದೊಂದು ಹೊಸ ಪದಾರ್ಥದ ನಡುವೆ ಮೂರು ದಿನ ಬಿಡಿ. ಹಾಗಾದರೆ ಯಾವುದು ಒಗ್ಗಲಿಲ್ಲವೆಂದು ಗೊತ್ತಾಗುತ್ತದೆ. ಹಿಂದೊಮ್ಮೆ ಉಸಿರು ಕಟ್ಟುವಂಥ ಅಲರ್ಜಿ ಬಂದವರಿಗೆ ಮನೆಯಲ್ಲಿ ಇಂಥ ಪರೀಕ್ಷೆಯೇ ಸಲ್ಲದು, ವೈದ್ಯರ ಎದುರಿನಲ್ಲೇ ಆಗಬೇಕು. ತುಟಿ ನಾಲಗೆ ಊದಿದರೆ, ಉಸಿರು ಕಟ್ಟಿದರೆ, ಮಗು ಜೋಲು ಬಿದ್ದರೆ ಮನೆಮದ್ದು ಮಾಡುತ್ತ ಕೂಡ್ರಬೇಡಿ. ೧೦೮ಕ್ಕೆ ಫೋನು ಮಾಡಿ ಆಸ್ಪತ್ರೆಗೆ ಒಯ್ಯಿರಿ. ಒಂದು ವರ್ಷ ತುಂಬದ ಕೂಸಿಗೆ ಜೇನುತುಪ್ಪ ಕೊಡಬಾರದು. ಉಪ್ಪು, ಬೆಲ್ಲವೂ ಬೇಡ.

ಕೊನೆಯದಾಗಿ, ಹಣ್ಣಿನ ದೋಸೆಯೊಂದೇ ಪೂರ್ಣ ಆಹಾರವಲ್ಲ. ಇದರಲ್ಲಿ ಹಿಟ್ಟಿನಂಶ, ಸಿಹಿಯಂಶ ಹೆಚ್ಚು, ಮೈ ಬೆಳೆಸುವ ಸಾರಜನಕದ ಅಂಶ ಕಡಿಮೆ. ಆದುದರಿಂದ ಮಗುವಿಗೆ ಒಗ್ಗುವುದಾದರೆ ಜೊತೆಗೆ ಮೀನು, ಬೇಳೆ, ಮೊಟ್ಟೆ, ಸೊಪ್ಪು ಇರಲಿ. ಸಕ್ಕರೆ ಕಾಯಿಲೆ ಇದ್ದ ಹಿರಿಯರು "ಅಕ್ಕಿ ಇಲ್ಲವಲ್ಲ" ಎಂದು ನಾಲ್ಕು ದೋಸೆ ಹೆಚ್ಚಿಗೆ ತಿನ್ನುವುದು ಬೇಡ. ಹಣ್ಣೂ ಬೆಲ್ಲವೂ ಸಿಹಿಯೇ.

ಅಂಗಡಿಯಲ್ಲಿ ಇಂಥ ಪಥ್ಯದ ಹಿಟ್ಟಿಗೆ ಬೆಲೆ ಬಹಳ. ಹಿತ್ತಲಿನ ಒಂದು ಗೊನೆಯಿಂದ ನಿಮ್ಮ ಮಗುವಿನ ಹಲವು ದಿನಗಳ ತಿಂಡಿ ಆಗುತ್ತದೆ. ಹಬ್ಬದ ದಿನ ಎಲ್ಲರ ಎಲೆಗೂ ಈ ದೋಸೆ ಒಂದೊಂದು ಬಡಿಸಿರಿ. ಆಗ ಆ ಮಗು ಪಂಕ್ತಿಯಲ್ಲಿ ಬೇರೆ ಕೂಡ್ರಬೇಕಾಗಿಲ್ಲ, ಎಲ್ಲರ ಜೊತೆಗೇ ಉಂಡು ಏಳುತ್ತದೆ. ಬರುವ ಬೇಸಿಗೆಗೆ ಒಂದು ಗೊನೆಯನ್ನು ಇದಕ್ಕೆಂದೇ ತೆಗೆದಿಡಿರಿ.