ಹೊಗೆಗೂಡಿಲ್ಲದ ನಡುಮನೆ

ಬೇಲೀಫ್ ಮನೆಯ ಹೊಸ್ತಿಲು ದಾಟಿದರೆ ಮೊದಲು ತಾಕುವುದು ಸೌದೆಯ ಹೊಗೆ. ನಡುಮನೆಯ ನೆಲದ ಮೇಲೇ ಬೆಂಕಿ ಉರಿಯುತ್ತಿದೆ. ಹೊಗೆಗೂಡಿಲ್ಲ, ಅಟ್ಟವೂ ಇಲ್ಲ. ತಲೆಯೆತ್ತಿದರೆ ಕಣ್ಣು ನೇರ ಮಾಡಿನ ತೊಲೆಗಳನ್ನು ಮುಟ್ಟುತ್ತದೆ. ಹೊಗೆ ಅಲ್ಲಿವರೆಗೆ ಏರಿ, ಸುಳಿದಾಡಿ, ಹೆಂಚಿನ ಸಂದುಗಳಲ್ಲಿ ನುಸುಳಿ ಹೊರಗೆ ಹೋಗುತ್ತದೆ.

ಇಂಗ್ಲೆಂಡಿನ ವೆಸ್ಟ್ ಸಸೆಕ್ಸ್‌ನ ಸಿಂಗಲ್ಟನ್‌ನಲ್ಲಿ, ವೀಲ್ಡ್ ಅಂಡ್ ಡೌನ್‌ಲ್ಯಾಂಡ್ ವಸ್ತುಸಂಗ್ರಹಾಲಯದ ಬಯಲಲ್ಲಿ ನಿಂತಿರುವ ರೈತನ ಮನೆ ಇದು. ಹುಟ್ಟಿದ್ದು ಮಾತ್ರ ಕೆಂಟ್‌ನ ಚಿಡಿಂಗ್‌ಸ್ಟೋನ್ ಬಳಿ, 15ನೇ ಶತಮಾನದ ಆರಂಭದಲ್ಲಿ.

ಈ ಮನೆಯಲ್ಲಿ ಎಲ್ಲವನ್ನೂ ತೀರ್ಮಾನಿಸಿರುವುದು ಬೆಂಕಿ. ನಡುಮನೆಯ ಎತ್ತರದ ಕಿಟಕಿಗಳಿಗೆ ಗಾಜಿಲ್ಲ. ಮರದ ಸರಳು, ಮುಚ್ಚಲು ಹಲಗೆ ಅಷ್ಟೇ. ಗಾಳಿ ಬೀಸುವ ಕಡೆಯದನ್ನು ಮುಚ್ಚಿ ಇನ್ನೊಂದು ಕಡೆಯದನ್ನು ತೆರೆದರೆ ಹೊಗೆಯೂ ಬೆಳಕೂ ಹದಕ್ಕೆ ಬರುತ್ತವೆ. ಒಂದು ತುದಿಯಲ್ಲಿ ಯಜಮಾನನ ಊಟದ ಮೇಜು. ಎದುರು ತುದಿಯಲ್ಲಿ ಪಾನೀಯ, ದಿನಸಿ ಇಡುವ ಎರಡು ಉಗ್ರಾಣದ ಕೋಣೆಗಳು. ಯಜಮಾನನ ಕಡೆಯ ಮಹಡಿ ಕೋಣೆ ಸುಮಾರು 1510ರಲ್ಲಿ ಸೇರಿದ್ದು. ಹೊಗೆಯ ಕಾಟ ತಪ್ಪಿಸಿಕೊಂಡು ಮಲಗುವ ಜಾಗ. ಪಕ್ಕದಲ್ಲೇ ಗೋಡೆಯಿಂದಾಚೆ ಚಾಚಿಕೊಂಡ ಪಾಯಖಾನೆಯೂ ಇದೆ. ಆ ಕಾಲದ ರೈತನಿಗೆ ಇದು ಸಣ್ಣ ಅನುಕೂಲವಲ್ಲ.

ಹೊರಗೆ ಬಂದು ನೋಡಿದರೆ ಎರಡೂ ಬದಿಯ ಮಹಡಿಗಳು ಮುಂದಕ್ಕೆ ಚಾಚಿ, ನಡುಮನೆ ಒಂದೇ ಮಾಡಿನಡಿ ಹಿಂದೆ ಸರಿದಿದೆ. ಓಕ್ ಮರದ ಚೌಕಟ್ಟು; ನಡುವಿನ ಜಾಗಕ್ಕೆ ತಡಿಕೆ ಹೆಣೆದು ಮಣ್ಣು ಮೆತ್ತಿದ್ದಾರೆ. ಒಂದು ಮರದ ತುದಿಯನ್ನು ಇನ್ನೊಂದರ ತೂತಿಗೆ ಕೂರಿಸಿ ಮರದ ಗೂಟ ಹೊಡೆದು ಬಿಗಿದ ಕೆಲಸ. ಗೂಟ ಕಳಚಿದರೆ ಮರಗಳನ್ನು ಬಿಡಿಬಿಡಿಯಾಗಿ ಇಳಿಸಬಹುದು. ಬೌ ಬೀಚ್ ಜಲಾಶಯದ ಯೋಜನೆಗೆ ಜಾಗ ಬಿಡಬೇಕಾಗಿ ಬಂದಾಗ ಮನೆಯನ್ನು ಉಳಿಸಿದ್ದು ಆ ಹಳೆಯ ಬಡಗಿಗಳ ಜಾಣ್ಮೆಯೇ. 1968-69ರಲ್ಲಿ ಕಳಚಿ ತಂದು, 1972ರಲ್ಲಿ ಇಲ್ಲಿ ಮತ್ತೆ ನಿಲ್ಲಿಸಿದರು.

ನಂತರದ ಕಾಲದವರು ಕಟ್ಟಿಸಿಕೊಂಡಿದ್ದ ಹೊಗೆಗೂಡನ್ನು ಆಗ ಮತ್ತೆ ಕಟ್ಟಲಿಲ್ಲ. ಅದನ್ನು ಬಿಟ್ಟಿದ್ದರಿಂದ ಆ ಜನರ ಬಾಳಿನ ಗುರುತು ಅಳಿಸಿತು ಎಂಬ ವಾದವನ್ನು ತಳ್ಳಿಹಾಕಲಾರೆ. ಆದರೂ ನನ್ನ ಒಲವು ಸಂಗ್ರಹಾಲಯದ ಕಡೆಗೇ. ಹೊಗೆಗೂಡು ಇದ್ದಿದ್ದರೆ ಈ ನಡುಮನೆ ಇಷ್ಟು ಎತ್ತರ ಏಕೆ, ಕಿಟಕಿ ಎರಡೂ ಕಡೆ ಏಕೆ ಎಂದು ಬರುವವರಿಗೆಲ್ಲ ಬಾಯಿಬಿಟ್ಟು ವಿವರಿಸಬೇಕಾಗುತ್ತಿತ್ತು.