ಬೊಡ್ಡೆಯಲ್ಲೊಂದು ಬಿಸಿನೆಸ್ ಇದೆ!

ನಮ್ಮ ತಿಪಟೂರು ಕಡೆ ಮರ ಕಡಿಯುವವರು ಒಂದು ಫೋನ್ ಮಾಡಿದರೆ ಸಾಕು, ಬರುತ್ತಾರೆ. ಮರ ಉರುಳಿಸಿ, ತುಂಡು ಮಾಡಿ, ಟ್ರ್ಯಾಕ್ಟರಿಗೆ ಹೇರಿಕೊಂಡು ಹೋಗುತ್ತಾರೆ. ಬೊಡ್ಡೆ ಮಾತ್ರ ಅಲ್ಲೇ ಉಳಿಯುತ್ತದೆ. ಅದನ್ನು ಯಾರು ತೆಗೆಯಬೇಕು? ಗುದ್ದಲಿ, ಹಾರೆ ಹಿಡಿದು ದಿನವಿಡೀ ಅಗೆಯುವ ಆಳು ಈಗ ಸಿಗುವುದಿಲ್ಲ. ಜೆಸಿಬಿ ಕರೆಸಿದರೆ ಹನಿ ನೀರಾವರಿಯ ಪೈಪು, ಪಕ್ಕದ ಮರದ ಬೇರು, ಮನೆಯ ಕಾಂಪೌಂಡು ಎಲ್ಲಕ್ಕೂ ಅಪಾಯ. ಕಿರಿದಾದ ಗೇಟಿನಲ್ಲಂತೂ ಅದು ನುಗ್ಗುವುದೇ ಇಲ್ಲ.

ಉಳಿದರೆ ಉಳಿಯಲಿ ಬಿಡು ಎನ್ನುವಂತಿಲ್ಲ. ಕೊಳೆಯುತ್ತಿರುವ ತೆಂಗಿನ ಬೊಡ್ಡೆಯಲ್ಲಿ ರೈನೋಸರಸ್ ದುಂಬಿ ಮೊಟ್ಟೆಯಿಡುತ್ತದೆ. ಅಲ್ಲಿ ಬೆಳೆದ ದುಂಬಿ ಹಾರಿ ಬಂದು ಚೆನ್ನಾಗಿರುವ ಮರದ ಸುಳಿ ಕೊರೆಯುತ್ತದೆ. ಅಂದರೆ ಬೊಡ್ಡೆ ಬರೀ ಕಾಲಿಗೆ ಎಡವುವ ವಸ್ತುವಲ್ಲ, ತೋಟದೊಳಗೇ ಸಾಕಿಕೊಂಡ ಶತ್ರು.

ಇದಕ್ಕೆ ಸ್ಟಂಪ್ ಗ್ರೈಂಡರ್ ಎಂಬ ಯಂತ್ರವಿದೆ. ಮೆಕ್ಯಾನಿಕಲ್ ಓದುತ್ತಿರುವ ನಾನು ಕಳೆದ ಸೆಮಿಸ್ಟರ್ ರಜೆಯಲ್ಲಿ ಪಕ್ಕದೂರಿನ ಮೆಕ್ಯಾನಿಕ್ ಅಣ್ಣನ ಜೊತೆ 12 ದಿನ ಹೆಲ್ಪರ್ ಆಗಿ ಹೋಗಿದ್ದೆ. ಯಂತ್ರ ನೋಡಲು ಸರಳ. ಕೈಗಾಡಿಯಂಥ ಚೌಕಟ್ಟಿನ ಮೇಲೆ ಪೆಟ್ರೋಲ್ ಎಂಜಿನ್, ಅದರಿಂದ ಬೆಲ್ಟ್ ಮೂಲಕ ತಿರುಗುವ ಚಕ್ರ, ಚಕ್ರದ ಅಂಚಿಗೆ ಟಂಗ್‌ಸ್ಟನ್ ಕಾರ್ಬೈಡ್ ಹಲ್ಲುಗಳು. ಬೊಡ್ಡೆಯ ಅಂಚಿನ ಮೇಲೆ ಚಕ್ರವನ್ನು ಸ್ವಲ್ಪವೇ ಇಳಿಸಿ ಎಡಕ್ಕೂ ಬಲಕ್ಕೂ ಆಡಿಸಬೇಕು. ಪ್ರತಿ ಹಲ್ಲೂ ಒಂದು ಚೂರು ಮಾತ್ರ ಕಚ್ಚುತ್ತದೆ. ಹಾಗಾಗಿಯೇ ಸಣ್ಣ ಎಂಜಿನ್ನಿಗೂ ದೊಡ್ಡ ಬೊಡ್ಡೆ ಬಗ್ಗುತ್ತದೆ. ನೆಲಮಟ್ಟದಿಂದ ಅರ್ಧ ಅಡಿ ಕೆಳಗಿನವರೆಗೆ ಪುಡಿ ಮಾಡಿ ಮಣ್ಣು ಮುಚ್ಚಿದರೆ ಕೆಲಸ ಮುಗಿಯಿತು. ಮರದ ಚೂರನ್ನು ಮಣ್ಣಿಗೆ ಬೆರೆಸದೆ ಮೇಲುಹೊದಿಕೆಯಾಗಿ ಹರಡುವುದು ಒಳ್ಳೆಯದು. ಹಸಿ ಚೂರು ಕೊಳೆಯುವಾಗ ಮಣ್ಣಿನ ಸಾರಜನಕವನ್ನು ಹೀರಿಕೊಳ್ಳುತ್ತದೆ. ಅಣಬೆ ರೋಗದಿಂದ ಸತ್ತ ಮರವಾದರೆ ಪುಡಿಯನ್ನು ಹರಡಲೇಬಾರದು, ರೋಗವೂ ಅದರ ಜೊತೆ ಹರಡೀತು.

ಕ್ಲಾಸಿನಲ್ಲಿ ಬೆಲ್ಟ್ ಜಾರುವುದನ್ನು ಸೂತ್ರವಾಗಿ ಓದಿದ್ದೆ. ತೋಟದಲ್ಲಿ ಅದು ಸುಟ್ಟ ರಬ್ಬರಿನ ವಾಸನೆಯಾಗಿ ಅರ್ಥವಾಯಿತು. ತೆಂಗಿನ ಕಾಂಡ ಹೊರಗೆ ಗಟ್ಟಿ, ಒಳಗೆ ಮೆದು. ಜೊತೆಗೆ ನಾರು ಬೇರೆ. ಒಂದೇ ವೇಗದಲ್ಲಿ ತಳ್ಳಿದರೆ ಎಂಜಿನ್ ಮುಕ್ಕರಿಯುತ್ತದೆ. ಇನ್ನು ಹಳೇ ಮರದಲ್ಲಿ ಮೊಳೆ, ಬೇಲಿ ತಂತಿ ಹುದುಗಿರುತ್ತವೆ, ಬುಡದಲ್ಲಿ ಕಲ್ಲು. ಮೊದಲು ಹಾರೆಯಿಂದ ಸುತ್ತ ಬಿಡಿಸಿ, ಪೈಪು, ಕರೆಂಟ್ ಕೇಬಲ್ ಎಲ್ಲಿವೆ ಎಂದು ಮನೆಯವರನ್ನು ಕೇಳಿ, ಮಕ್ಕಳನ್ನೂ ನೋಡಲು ಬಂದವರನ್ನೂ ದೂರ ಕಳಿಸಿಯೇ ಎಂಜಿನ್ ಸ್ಟಾರ್ಟ್ ಮಾಡಬೇಕು. ಕನ್ನಡಕ, ಬೂಟು, ಕಿವಿಗೆ ರಕ್ಷಣೆ ಇಲ್ಲದೆ ಹತ್ತಿರ ಹೋಗಬಾರದು.

ಇನ್ನು ದುಡ್ಡಿನ ಮಾತು. ಇಂಚಿಗಿಷ್ಟು ಎಂದು ರೇಟು ಹೇಳುವುದು ಸುಲಭ. ಆದರೆ ಒಂದು ಅಡಿ ಅಗಲದ ಬೊಡ್ಡೆಗೆ ಹೋಲಿಸಿದರೆ ಎರಡು ಅಡಿಯದ್ದರಲ್ಲಿ ಕೆಲಸ ಎರಡು ಪಟ್ಟಲ್ಲ, ನಾಲ್ಕು ಪಟ್ಟು! ವೃತ್ತದ ವಿಸ್ತೀರ್ಣ ಹೈಸ್ಕೂಲಿನಲ್ಲೇ ಕಲಿತಿದ್ದೇವಲ್ಲ? ದೊಡ್ಡ ಬೊಡ್ಡೆಗೆ ಬೇರೆ ಲೆಕ್ಕ ಇಲ್ಲದಿದ್ದರೆ ಪೆಟ್ರೋಲಿನಲ್ಲೇ ಲಾಭ ಕರಗುತ್ತದೆ.

ಉದಾಹರಣೆಗೆ ಯಂತ್ರಕ್ಕೆ 2 ಲಕ್ಷ ರೂಪಾಯಿ ಎಂದಿಟ್ಟುಕೊಳ್ಳಿ. ಪೆಟ್ರೋಲು, ಹಲ್ಲು, ಸಾಗಾಣಿಕೆ, ಜೊತೆಗಾರನ ಕೂಲಿ ಕಳೆದು ಒಂದು ಬೊಡ್ಡೆಗೆ 300 ರೂಪಾಯಿ ಉಳಿದರೆ, ಹಾಕಿದ ಬಂಡವಾಳ ವಾಪಸು ಬರಲು 667 ಬೊಡ್ಡೆ ಬೇಕು. ದಿನಕ್ಕೆ ಐದು ಎಂದರೂ 134 ದಿನ. ಮಳೆಗಾಲದ ಕೆಸರಿನಲ್ಲಿ ಯಂತ್ರ ಒಳಗೆ ಹೋಗುವುದಿಲ್ಲ. ಒಮ್ಮೆ ತೆಗೆದ ಬೊಡ್ಡೆ ಮತ್ತೆ ಹುಟ್ಟುವುದೂ ಇಲ್ಲ, ಹೊಸ ಊರು ಹುಡುಕಿಕೊಂಡು ಹೋಗಬೇಕು. ಹಾಗಾಗಿ ಇದೊಂದನ್ನೇ ನಂಬಿಕೊಳ್ಳುವ ಬದಲು ತೆಂಗಿನ ಗರಿ ಪುಡಿ ಮಾಡುವ ಯಂತ್ರವನ್ನೂ ಜೊತೆಗಿಟ್ಟುಕೊಂಡರೆ ವರ್ಷವಿಡೀ ಕೆಲಸ ಸಿಕ್ಕೀತು.

ಸಾಲಕ್ಕೆ ದಾರಿಗಳಿವೆ. ಮುದ್ರಾ ಯೋಜನೆಯ ಶಿಶು ವಿಭಾಗದಲ್ಲಿ 50 ಸಾವಿರದವರೆಗೆ, ಕಿಶೋರ ವಿಭಾಗದಲ್ಲಿ 5 ಲಕ್ಷದವರೆಗೆ ಸಾಲ ಸಿಗುತ್ತದೆ. 18 ವರ್ಷ ದಾಟಿದವರು ಪಿಎಂಇಜಿಪಿ ಅಡಿಯಲ್ಲೂ ಅರ್ಜಿ ಹಾಕಬಹುದು. ಹಳ್ಳಿಗಳಲ್ಲಿ ಸಾಮಾನ್ಯ ವರ್ಗಕ್ಕೆ ಶೇ 25, ಮಹಿಳೆಯರೂ ಸೇರಿದ ವಿಶೇಷ ವರ್ಗಕ್ಕೆ ಶೇ 35 ಸಬ್ಸಿಡಿ ಇದೆ. ಉದ್ಯಮ್ ನೋಂದಣಿ ಉಚಿತ. ಸೇವೆಯಿಂದ ಬರುವ ವಹಿವಾಟು ವರ್ಷಕ್ಕೆ 20 ಲಕ್ಷ ದಾಟುವವರೆಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿಯ ತಲೆನೋವಿಲ್ಲ.

ಆದರೆ ಸಾಲ ಸಿಗುತ್ತದೆಂಬುದು ಸಾಲ ಮಾಡಲು ಕಾರಣವಾಗಬಾರದು. ನನ್ನ ಹೆಸರಲ್ಲಿ ಈಗಾಗಲೇ ಶಿಕ್ಷಣ ಸಾಲ ಇದೆ. ಮುಂದಿನ ವರ್ಷ ಪ್ಲೇಸ್‌ಮೆಂಟ್. ವಿಷಯ ಎತ್ತಿದಾಗ ಅಪ್ಪ, “ಬಿ.ಇ. ಓದ್ಸಿದ್ದು ಬೊಡ್ಡೆ ಕೀಳಕ್ಕೇನಪ್ಪಾ?” ಎಂದರು. ಅವರ ಮಾತಿನಲ್ಲಿ ಕೋಪಕ್ಕಿಂತ ಹೆದರಿಕೆ ಹೆಚ್ಚಿತ್ತು. ಅಮ್ಮ ಮಾತ್ರ ರಾತ್ರಿ ಊಟಕ್ಕೆ ಬಡಿಸುತ್ತಾ, “ಸರ ಅಡ ಇಟ್ರೆ ಎಷ್ಟು ಬರ್ಬೋದು?” ಎಂದು ಮೆಲ್ಲಗೆ ಕೇಳಿದರು. ಆ ಸರ ಅವರ ಕೊರಳಲ್ಲೇ ಇರಲಿ ಎಂಬುದು ನನ್ನ ಮೊದಲ ತೀರ್ಮಾನ.

ಎರಡನೆಯದು, ಯಂತ್ರ ಕೊಳ್ಳುವುದಿಲ್ಲ, ಬಾಡಿಗೆಗೆ ತರುತ್ತೇನೆ. ಬರುವ ರಜೆಯಲ್ಲಿ ಇಬ್ಬರು ಗೆಳೆಯರ ಜೊತೆ 40 ಬೊಡ್ಡೆ ತೆಗೆಯುವುದು, ಪ್ರತಿಯೊಂದಕ್ಕೂ ಹಿಡಿದ ಸಮಯ, ಕುಡಿದ ಪೆಟ್ರೋಲು, ಸವೆದ ಹಲ್ಲು ಎಲ್ಲವನ್ನೂ ಬರೆದಿಡುವುದು. ಈಗಾಗಲೇ 17 ಬೊಡ್ಡೆಗಳಿಗೆ ತೋಟದವರು ಒಪ್ಪಿದ್ದಾರೆ. ಲೆಕ್ಕ ಕೂಡಿಬಂದರೆ ಅದೇ ಪುಸ್ತಕ ಹಿಡಿದು ಬ್ಯಾಂಕಿಗೆ ಹೋಗುತ್ತೇನೆ. ಕೂಡಿಬರದಿದ್ದರೆ ಕೈಯಲ್ಲಿ ಕಲಿತ ಕೆಲಸ ಉಳಿಯುತ್ತದೆ, ತಲೆಯ ಮೇಲೆ ಹೊಸ ಸಾಲ ಇರುವುದಿಲ್ಲ.

ಕೆಲಸ ಹುಡುಕುತ್ತಿರುವ ಗೆಳೆಯರೇ, ನಿಮ್ಮೂರಿನಲ್ಲೂ “ಇದನ್ನು ಮಾಡೋರೇ ಸಿಗಲ್ಲ” ಎಂದು ಜನ ಗೊಣಗುವ ಕೆಲಸವೊಂದು ಇದ್ದೇ ಇರುತ್ತದೆ. ಒಂದು ನೋಟ್‌ಬುಕ್ ಹಿಡಿದು ಹತ್ತು ಮನೆ ಸುತ್ತಿ, ಎಷ್ಟು ಕೊಡುತ್ತೀರಿ ಎಂದು ಕೇಳಿ ನೋಡಿ. ಯಂತ್ರದ ಮಾತು ಆಮೇಲೆ.