‘ಸಿನರ್ಜಿ’ಗೆ ಕನ್ನಡವೇನು?

‘ಸಿನರ್ಜಿ’ ಎಂಬ ಮಾತು ವ್ಯವಹಾರಸ್ಥರ ನಾಲಗೆಯ ಮೇಲೆ ಬಹುಕಾಲದಿಂದ ನಲಿಯುತ್ತಿದೆ. ಕನ್ನಡದಲ್ಲಿ ಬರೆಯುವವರು ಅದನ್ನು ‘ಸಹಕಾರ’ವೆಂದು ಸರಾಗವಾಗಿ ಬರೆದುಬಿಡುವುದುಂಟು. ಮೂಲವನ್ನು ನೋಡಿದರೆ ತಪ್ಪೆನಿಸದು: ಗ್ರೀಕಿನ ‘ಸಿನ್’ ಎಂದರೆ ಕೂಡ, ‘ಎರ್ಗಾನ್’ ಎಂದರೆ ಕೆಲಸ. ಆದರೆ ಮಾತು ತೌರುಮನೆಯಲ್ಲಿಯೇ ಉಳಿಯುವುದಿಲ್ಲವಷ್ಟೆ.

ಔಷಧಶಾಸ್ತ್ರದಲ್ಲಿ ಇದರ ಅರ್ಥ ಖಚಿತ. ಎರಡು ದ್ರವ್ಯಗಳು ಕೂಡಿದಾಗಿನ ಫಲವು ಅವುಗಳ ಬಿಡಿಫಲಗಳ ಮೊತ್ತವನ್ನು ಮೀರಬೇಕು. ಟ್ರೈಮೆಥೊಪ್ರಿಮ್ ಹಾಗೂ ಸಲ್ಫಮೆಥಾಕ್ಸಜೋಲ್ ಎಂಬ ಮದ್ದುಗಳು ಬೇರೆಬೇರೆಯಾಗಿ ರೋಗಾಣುವಿನ ಬೆಳವಣಿಗೆಯನ್ನು ತಡೆಯುತ್ತವೆ, ಅಷ್ಟೆ. ಕೂಡಿದಾಗ ಅನೇಕ ರೋಗಾಣುಗಳನ್ನು ಕೊಂದೇ ಬಿಡುತ್ತವೆ. ಇದು ಸಿನರ್ಜಿ. ನಿದ್ದೆಯ ಮಾತ್ರೆಯ ಮೇಲೆ ಮದ್ಯವನ್ನು ಕುಡಿದರೆ, ಬಿಡಿಯಾಗಿ ತಾಳಬಹುದಾಗಿದ್ದ ಎರಡು ಮಂಪರುಗಳು ಸೇರಿ ಉಸಿರನ್ನೇ ನಿಲ್ಲಿಸಬಹುದು. ಅದೂ ಸಿನರ್ಜಿಯೇ! ಅಲ್ಲಿ ‘ಸಹಕಾರ’ವೆಂದು ಬರೆದ ಅನುವಾದಕನು ಓದುಗನಿಗೆ ಅಭಯವನ್ನಿತ್ತಂತಾಗುತ್ತದೆ. ಏಕೆಂದರೆ ಸಹಕಾರವು ನಮಗೆ ಶುಭದ ಮಾತು. 1905ರಲ್ಲಿ ಗದಗಿನ ಬಳಿಯ ಕಣಗಿನಹಾಳದಲ್ಲಿ ರೈತರು ಪತ್ತಿನ ಸಂಘವನ್ನು ಕಟ್ಟಿದಂದಿನಿಂದ ಅದರ ಮರ್ಯಾದೆ ಮತ್ತಷ್ಟು ಹೆಚ್ಚಿದೆ.

ವ್ಯಾಪಾರದ ಕಥೆ ಬೇರೆ. ಇಗೋರ್ ಅನ್ಸಾಫ್ 1965ರ ತನ್ನ ಗ್ರಂಥದಲ್ಲಿ ಈ ಪದಕ್ಕೆ ಉದ್ಯಮಶಾಸ್ತ್ರದಲ್ಲಿ ಸ್ಥಾನ ಕೊಟ್ಟನು. ಎರಡೂ ಎರಡೂ ಐದಾಗಬೇಕೆಂಬುದು ಅಲ್ಲಿಯ ಲೆಕ್ಕ. 2000ದಲ್ಲಿ ಅಮೆರಿಕದ ಎಒಎಲ್ ಮತ್ತು ಟೈಮ್ ವಾರ್ನರ್ ಕೂಡುವುದಾಗಿ ಸಾರಿದಾಗ ಇದೇ ಮಂತ್ರ. 2009ರಲ್ಲಿ ಬೇರೆಯಾದವು. ಕೂಡಿದ್ದೇನೋ ನಿಜ, ಆ ಐದನೆಯದು ಹುಟ್ಟಲಿಲ್ಲ.

ನಮ್ಮ ವ್ಯಾಕರಣಕ್ಕೆ ಈ ವಿವೇಚನೆ ಹೊಸದಲ್ಲ. ‘ಕೆರೆಕಟ್ಟೆ’ ಎಂಬ ದ್ವಂದ್ವದಲ್ಲಿ ಕೆರೆಯೂ ಉಂಟು, ಕಟ್ಟೆಯೂ ಉಂಟು, ಅಲ್ಲಿಗೆ ಮುಗಿಯಿತು. ‘ಮುಕ್ಕಣ್ಣ’ ಎಂಬ ಬಹುವ್ರೀಹಿಯಲ್ಲಿ ಮೂರೂ ಕಣ್ಣೂ ಹಿಂದೆ ಸರಿದು, ಎರಡು ಪದಗಳಲ್ಲಿಯೂ ಇರದಿದ್ದ ಶಿವನು ಎದುರು ನಿಲ್ಲುತ್ತಾನೆ. ಸಹಕಾರವು ದ್ವಂದ್ವದ ಜಾತಿಯದು, ಸಿನರ್ಜಿಯು ಬಹುವ್ರೀಹಿಯದು. (ಹೋಲಿಕೆಯನ್ನು ಬಹಳ ಎಳೆದರೆ ಹರಿದೀತು; ಮದ್ದಿನ ಮಿಗಿಲನ್ನು ಅಳೆಯಬಹುದು, ಸಮಾಸದ್ದನ್ನು ಅಳೆಯಲಾಗದು.)

‘ಸಹಕ್ರಿಯೆ’ ಎಂದರೆ ಒಳಿತುಕೆಡುಕುಗಳ ಹಂಗು ತಪ್ಪುತ್ತದೆ, ಆದರೆ ಮಿಗಿಲಿನ ಸುಳಿವಿಲ್ಲ. ‘ಕೂಡುಮಿಗಿಲು’ ಎಂದು ತರಗತಿಯಲ್ಲಿ ಹೇಳಿ ನೋಡಿದೆ. ಹುಡುಗರು ನಕ್ಕರು, ಅರ್ಥವನ್ನು ಮಾತ್ರ ಯಾರೂ ಕೇಳಲಿಲ್ಲ. ವೈದ್ಯಗ್ರಂಥಗಳಲ್ಲಿ ‘ಸಹಕ್ರಿಯೆ’ಯನ್ನೇ ಇಟ್ಟುಕೊಂಡು, ಮೊದಲ ಸಲ ಬಂದಲ್ಲಿ ಮಿಗಿಲಿನ ಮಾತನ್ನು ವಿವರಿಸಿದರೂ ನನ್ನ ಆಕ್ಷೇಪವಿಲ್ಲ.